ಅದೇ ಕಂಪನಿಯ ಅಚ್ಚೇ ಬೇಕು!

ಹುಬ್ಬಳ್ಳಿಯಲ್ಲಿ ಇಂದುಮತಿ ಪತ್ತಾರ ಅವರದ್ದೊಂದು ಪುಟ್ಟ ವಾಚ್ ರಿಪೇರಿ ಅಂಗಡಿ. ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕು...

ಹನ್ನೊಂದು ವರ್ಷ ವಾಚ್ ಫ್ಯಾಕ್ಟರಿಯಲ್ಲಿ ದುಡಿದವರು. ಫ್ಯಾಕ್ಟರಿ ಮುಚ್ಚಿದಾಗ ಜೊತೆಯವರೆಲ್ಲ ಬೇರೆ ಬೇರೆ ಕೆಲಸ ಹಿಡಿದರು. ಇವರು ಮಾತ್ರ ಚಿಮಟ, ಭೂತಗನ್ನಡಿ ಬಿಡಲಿಲ್ಲ.

ಒಂದು ದಿನ ಗುರುಶಾಂತ ಹಂಪಿಹೊಳಿ ಎಂಬ ಉದ್ಯಮಿ ಬಂದರು. ಎರಡು ಕೋಲ್ಡ್ ಸ್ಟೋರೇಜ್‌ಗಳ ಮಾಲೀಕರು. ಕರ್ಚೀಫಿನಲ್ಲಿ ಸುತ್ತಿಕೊಂಡು ತಂದಿದ್ದು ಹಳೆಯ ಚಿನ್ನದ ಸ್ವಿಸ್ ವಾಚ್.

"ನಮ್ಮ ಅಪ್ಪಾರದ್ರಿ ಇದು. ಹನ್ನೆರಡು ದಿನಕ್ಕ ಮಗಳ ಮದಿವಿ. ಅಳಿಯಾಗ ಕೊಡಬೇಕಂತ ಮಾಡೀನಿ."

"ದೊಡ್ಡ ಶೋರೂಮಿನಾಗ ಕೇಳಿದ್ದೆ... ಒಳಗಿನ ಮಷಿನ್ ತೆಗದು ಬ್ಯಾಟರಿ ಮಷಿನ್ ಹಾಕಿಸ್ರಿ, ಡಯಲ್‌ಗೆ ಪೇಂಟ್ ಹೊಡಸ್ರಿ, ಹೊಸಾದರಂಗ ಆಗ್ತೈತಿ ಅಂದ್ರು. ಅಷ್ಟು ಮಾಡಿಕೊಡ್ರಿ ಸಾಕು" ಎಂದರು ಗುರುಶಾಂತ.

ಇಂದುಮತಿ ಹಿಂದಿನ ಮುಚ್ಚಳ ಬಿಚ್ಚಿ ಬಹಳ ಹೊತ್ತು ನೋಡಿದರು.

"ಎಲ್ಲಾ ಕಂಪನಿದ ಐತ್ರಿ. ಒಂದ ಒಂದು ಅಚ್ಚು ಮುರದೈತಿ. ಈ ಚಕ್ರ ತಿರಗೂ ಕಡ್ಡಿ... ಸಾಸಿವಿ ಕಾಳಿನಷ್ಟ."

"ಅದ್ಕ ಮಷಿನ್ನ ಬದಲಿ ಮಾಡಿಬಿಡ್ರಿ ಅಂದೆ. ಹೊರಗಿಂದ ಯಾರಿಗೆ ಗೊತ್ತಾಗ್ತೈತಿ?"

ಇಂದುಮತಿ ತಲೆ ಎತ್ತಿದರು.

"ನಿಮಗ ಗೊತ್ತಿರ್ತೈತಲ್ರಿ. ಒಳಗ ಯಾರದೋ ಮಷಿನ್ ಇಟ್ಟು, ಇದು ನಮ್ಮ ಅಪ್ಪಾರ ವಾಚು ಅಂತ ಅಳಿಯಾಗ ಹೆಂಗ ಹೇಳ್ತೀರಿ? ಅದ ಕಂಪನಿ ಅಚ್ಚು ಹುಡುಕ್ತೀನಿ, ಸ್ವಲ್ಪ ದಿನ ಕೊಡ್ರಿ."

ಗುರುಶಾಂತ ಅವರ ಮುಖ ಕೆಂಪಾಯಿತು. ಆದರೂ ವಾಚ್ ವಾಪಸ್ ಕೇಳಲಿಲ್ಲ.

"ಎಂಟು ದಿನ ನೋಡ್ತೀನಿ. ಆಗಲಿಲ್ಲಾಂದ್ರ ಬ್ಯಾಟರಿನ ಹಾಕ್ರಿ" ಎಂದು ಹೊರಟುಹೋದರು.

ಇಂದುಮತಿ ಊರೂರಿನ ಅಂಗಡಿಗಳಿಗೆ ಫೋನ್ ಹಚ್ಚಿದರು. ಪುಣೆ, ಸೊಲ್ಲಾಪುರ, ಹೈದರಾಬಾದ್... ಎಲ್ಲ ಕಡೆ ಒಂದೇ ಉತ್ತರ. "ಆ ಪಾರ್ಟ್ ಬರೋದು ನಿಂತು ಎಷ್ಟೋ ವರ್ಷ ಆತ್ರಿ."

ಐದನೆಯ ದಿನ ಮುಂಬೈಯಿಂದ ಕೊರಿಯರ್‌ನಲ್ಲಿ ಒಂದು ಡೂಪ್ಲಿಕೇಟ್ ಅಚ್ಚು ಬಂತು. ಕೂರಿಸಿದರು. ವಾಚ್ ಓಡಿತು!

ಆದರೆ ಮರುದಿನ ನೋಡಿದರೆ ಹನ್ನೆರಡು ನಿಮಿಷ ಹಿಂದೆ. ಮಲಗಿಸಿಟ್ಟರೆ ನಿಂತೇ ಹೋಗುತ್ತಿತ್ತು. ಮದುವೆ ಮನೆಯಲ್ಲಿ ಯಾರೂ ಅದನ್ನು ಗಮನಿಸುತ್ತಿರಲಿಲ್ಲ... ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು.

ಇಂದುಮತಿ ಆ ಅಚ್ಚನ್ನು ಬಿಚ್ಚಿ ತೆಗೆದರು.

ಆಗ ಅವರ ಕಣ್ಣು ಮುಚ್ಚಳದ ಒಳಮೈ ಮೇಲೆ ನಿಂತಿತು. ಹಿಂದೆ ರಿಪೇರಿ ಮಾಡಿದವರು ಸೂಜಿಯಿಂದ ಗೀರಿದ ಗುರುತು. 'ದ' ಎಂಬ ಒಂದಕ್ಷರ, ಅದರ ಕೆಳಗೆ ಮೂರು ಇಸವಿ.

ಫೋಟೋ ತೆಗೆದು ರಿಪೇರಿಯವರ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಮರುದಿನ ಬೆಳಿಗ್ಗೆ ಕೊಲ್ಹಾಪುರದಿಂದ ಉತ್ತರ ಬಂತು. "ಇದು ಬೆಳಗಾವಿ ದತ್ತಾತ್ರೇಯ ರೇವಣಕರ ಅವರ ಗುರುತು. ಇನ್ನೂ ಇದ್ದಾರೆ."

ಎಂಟನೆಯ ದಿನ ಗುರುಶಾಂತ ಬಂದು "ಸಾಕ್ರಿ ಇನ್ನ, ಕೊಡ್ರಿ" ಎಂದಾಗ ಇಂದುಮತಿ ಅಂಗಡಿಯ ಶಟರ್ ಎಳೆದರು.

"ನಿಮ್ಮ ಕಾರು ಐತಲ್ರಿ? ಬೆಳಗಾವಿಗೆ ನಡೀರಿ, ಈ ವಾಚು ಹಿಂದ ರಿಪೇರಿ ಮಾಡಿದವರು ಅಲ್ಲೇ ಅದಾರ. ಇದೊಂದು ದಿನ ನನ್ನ ಮಾತು ಕೇಳ್ರಿ."

ಬೆಳಗಾವಿಯ ರೇವಣಕರ ಅವರ ಮನೆಯ ಬಾಗಿಲಲ್ಲಿ ಹಳೆಯ ವಾಚ್ ಸಾಮಾನು ತುಂಬಿದ ಮೂರು ಮರದ ಪೆಟ್ಟಿಗೆಗಳನ್ನು ಹಗ್ಗದಿಂದ ಬಿಗಿದಿಟ್ಟಿದ್ದರು. ಗುಜರಿಯವನು ಸಂಜೆಗೆ ಒಯ್ಯುತ್ತಾನೆ ಎಂದರು ಮನೆಯ ಸೊಸೆ. ಒಳಗೆ ಎಂಬತ್ತೆಂಟರ ರೇವಣಕರ ಅಜ್ಜ. ಎರಡೂ ಕೈ ನಡುಗುತ್ತಿದ್ದವು...

"ನನ್ನ ಕೆಲಸ ಈಗ ಯಾರಿಗೆ ಬೇಕು ತಂಗಿ? ಎಲ್ಲಾ ಮುಗೀತು" ಎಂದರು.

ಇಂದುಮತಿ ವಾಚಿನ ಮುಚ್ಚಳವನ್ನೂ ಭೂತಗನ್ನಡಿಯನ್ನೂ ಅಜ್ಜನ ಕಣ್ಣಿನ ಹತ್ತಿರ ತಾವೇ ಹಿಡಿದರು.

"ಅರವತ್ತೆಂಟು... ಎಪ್ಪತ್ನಾಲ್ಕು... ಎಪ್ಪತ್ತೊಂಬತ್ತು..." ಅಜ್ಜ ಓದಿದರು. ವಾಚನ್ನು ನೋಡಿದರು. ತಟ್ಟನೆ ಅವರ ದನಿಯೇ ಬದಲಾಯಿತು.

"ಚನಬಸಪ್ಪ ಹಂಪಿಹೊಳಿ! ಬಟ್ಟೆ ಅಂಗಡಿ ಚನಬಸಪ್ಪ! ಅವರ ವಾಚು ಇದು!"

ಗುರುಶಾಂತ ಕೂತಲ್ಲಿಂದ ಎದ್ದರು. "ಅವರ ಮಗ ನಾನು ಅಜ್ಜಾರ..."

"ನಡುವಿನ ಪೆಟ್ಟಿಗಿ ಬಿಚ್ಚು ತಂಗಿ. ಅದರಾಗ ಹಸರ ಡಬ್ಬಿ ಐತಿ, ತಗಿ."

ಡಬ್ಬಿಯಲ್ಲಿ ಮಡಚಿದ ಒಂದು ಹಳದಿ ಕಾಗದ. ಮೇಲೆ ಮುತ್ತಿನಂಥ ಅಕ್ಷರ... 'ಚನಬಸಪ್ಪ ಹಂಪಿಹೊಳಿ ಇವರ ವಾಚಿನದು. ಬೇರೆಯವರಿಗೆ ಕೊಡಬಾರದು.'

ಒಳಗೆ ಸಾಸಿವೆಯಷ್ಟು ಒಂದು ಅಚ್ಚು. ಅದೇ ಕಂಪನಿಯದು!

"ಎಪ್ಪತ್ತೊಂಬತ್ತರಾಗ ಒಂದ ಬೇಕಿತ್ತು. ಎರಡು ತರಿಸಿದ್ದೆ. ಮತ್ತ ಮುರದರ ಎಲ್ಲಿ ಹುಡುಕೋದು ಅಂತ. ಆಮ್ಯಾಲ ಅವರು ಬರಲೇ ಇಲ್ಲ..."

"ಮರುವರ್ಷನ ಅಪ್ಪ ತೀರಿಕೊಂಡ್ರು ಅಜ್ಜಾರ. ನಾವು ಬೆಳಗಾವಿ ಬಿಟ್ಟು ಹುಬ್ಬಳ್ಳಿಗೆ ಹೋಗಿಬಿಟ್ವಿ."

"ಎಷ್ಟೋ ಮಂದಿ ಕೇಳಿದ್ರಪ್ಪ ಇದನ್ನ. ಹೆಂಗ ಕೊಡಲಿ? ಅದು ಅವರ ವಾಚಿಂದು."

ಯಾವ ನೆಂಟರೂ ಅಲ್ಲದ ಒಬ್ಬರು ನಲವತ್ತು ವರ್ಷಕ್ಕೂ ಮೇಲೆ ಗುರುಶಾಂತ ಅವರ ತಂದೆಯ ಹೆಸರನ್ನು ಕಾಪಾಡಿಕೊಂಡು ಬಂದಿದ್ದರು... ಗುರುಶಾಂತ ಆ ಕಾಗದವನ್ನು ಕಣ್ಣಿಗೆ ಒತ್ತಿಕೊಂಡು ಮಗುವಿನಂತೆ ಅತ್ತರು.

ಇಂದುಮತಿ ಅಲ್ಲೇ ಕಿಟಕಿಯ ಬಳಿ ಕೆಲಸಕ್ಕೆ ಕೂತರು. ಅಜ್ಜ ಪಕ್ಕದಲ್ಲಿ ಕೂತು ಹೇಳುತ್ತಾ ಹೋದರು. "ಒತ್ತಬ್ಯಾಡ... ಹಗೂರಕ ಬಿಡು... ತಾನ ಕೂಡ್ತೈತಿ."

ಮೂರು ತಾಸಿನ ನಂತರ ವಾಚ್ ಓಡಿತು. ನೆಟ್ಟಗೆ ನಿಲ್ಲಿಸಿಟ್ಟರೂ ಓಡಿತು, ಮಲಗಿಸಿದರೂ ಓಡಿತು! ಅಜ್ಜ ಅದನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದರು...

"ಡಯಲ್‌ಗೆ ಪೇಂಟ್ ಬ್ಯಾಡ ಅಕ್ಕಾರ. ಹೆಂಗೈತಿ ಹಂಗ ಇರಲಿ" ಎಂದರು ಗುರುಶಾಂತ.

ಹೊರಡುವಾಗ ಇಂದುಮತಿ ಸೊಸೆಗೆ ಹೇಳಿದರು, "ಪೆಟ್ಟಿಗಿ ಗುಜರಿಗೆ ಹಾಕಬ್ಯಾಡ್ರಿ. ಐತವಾರ ಮತ್ತ ಬರ್ತೀನಿ. ರಿಪೇರಿ ಆಗಂಗಿಲ್ಲ ಅಂತ ಬಿಟ್ಟ ವಾಚು ನನ್ನ ಕಡೆ ಭಾಳ ಅದಾವ."

ರೇವಣಕರ ಅಜ್ಜ ತಮ್ಮ ನಡುಗುವ ಕೈಗಳನ್ನು ನೋಡಿಕೊಂಡರು. ಆಮೇಲೆ ಮೊದಲ ಸಲ ನಕ್ಕರು.

"ಬಾ ತಂಗಿ. ಕೈ ನಿಂದು, ಕೆಲಸ ನಂದು."

ಸುಲಭಕ್ಕೆ ಸಿಕ್ಕಿದ್ದನ್ನು ತುರುಕಿ ಓಡಿಸುವುದು ಕೆಲಸ ಮುಗಿಸಿದಂತೆ ಅಷ್ಟೇ; ಅದಕ್ಕೆ ಸೇರಿದ್ದನ್ನೇ ಹುಡುಕಿ ತಂದು ಕೂರಿಸುವುದು, ಆ ಕೆಲಸಕ್ಕೆ ಕೊಡುವ ಗೌರವ.

"ಯಾರಿಗೆ ಗೊತ್ತಾಗುತ್ತೆ ಬಿಡು" ಎಂದು ಇವತ್ತು ನೀವು ಅರ್ಧಕ್ಕೇ ಕೈಬಿಟ್ಟ ಕೆಲಸ ಯಾವುದು?