ಕೈಗುಣ

"ಅಯ್ಯಯ್ಯೋ, ಕೊಂದಳಪ್ಪೋ!"

ದೇವಿಂದ್ರಪ್ಪನ ಕೂಗಿಗೆ ವಾರ್ಡಿಗೆ ವಾರ್ಡೇ ಎದ್ದು ಕೂತಿತು. ಅವನ ಸೊಂಟಕ್ಕೆ ಸೂಜಿ ಚುಚ್ಚಿದವಳು ಮಯೂರಿ. ಹುಮನಾಬಾದಿನ ಈ ಖಾಸಗಿ ದವಾಖಾನೆಗೆ ಅವಳು ನರ್ಸಾಗಿ ಸೇರಿ ಇನ್ನೂ ವಾರ ತುಂಬಿರಲಿಲ್ಲ. ಬಸವಕಲ್ಯಾಣದಲ್ಲಿ ನರ್ಸಿಂಗ್ ಓದುವಾಗ ಚುಚ್ಚಿದ್ದೆಲ್ಲ ಮೋಸಂಬಿಗೆ, ಆಮೇಲೆ ರಬ್ಬರ್ ಗೊಂಬೆಗೆ. ಪಾಪ, ಅವೆರಡೂ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಚರ್ಮದ್ದಾಗಲಿ ನರದ್ದಾಗಲಿ, ರೋಗದ ಲಕ್ಷಣ ಕೇಳಿದರೆ ಒಂದೂ ತಪ್ಪದೆ ಒಪ್ಪಿಸುತ್ತಿದ್ದಳು. ತೊಂಬತ್ತೆಂಟು ಮಂದಿಯ ಬ್ಯಾಚಿಗೆ ಅವಳೇ ಮೊದಲಿಗಳು.

ಹಿರಿಯ ನರ್ಸ್ ಕಾಂತಾಬಾಯಿ ಓಡಿ ಬಂದರು.

"ನಿನ್ನ ಪಾಸ್ ಮಾಡಿದವರು ಯಾರವ್ವ? ಮೋಸಂಬಿ ಮಾರೋರೇನು? ಇನ್ನೊಬ್ಬರು ಹಿಂಗ ಒದರಿದ್ರ ನಾಳಿಂದ ಬರಬ್ಯಾಡ."

ಮಯೂರಿಗೆ ಅಳುವೂ ಬರಲಿಲ್ಲ. ಮೊದಲೆರಡು ದಿನ ಅತ್ತು ಮುಗಿಸಿದ್ದಳು. ಈಗ ಬೈದರೂ ಅಷ್ಟೇ, ಬಿಟ್ಟರೂ ಅಷ್ಟೇ. ಮನಸ್ಸಿಗೇ ಜೋಮು ಹಿಡಿದಿತ್ತು. ಆದರೆ ಈ ನೌಕರಿ ಹೋದರೆ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಟ್ರೇ ಹಿಡಿದು ಮುಂದಿನ ಮಂಚಕ್ಕೆ ನಡೆದಳು. ಕಾಂತಾಬಾಯಿ ಬೆನ್ನಿಗೇ ಬಂದು ನಿಂತರು.

ಮಂಚದಲ್ಲಿದ್ದವರು ಘಾಟಬೋರಾಳದ ಮೀರಾಬಾಯಿ. ಜ್ವರದ ಮುದುಕಿ. ಎಂದಿನಂತೆ ಎಡಗೈ ಚಾಚಿದರು. ಬೆರಳ ತುಂಬ ಹಳೆಯ ಸುಟ್ಟ ಕಲೆಗಳು. ಒಲೆಯ ಮುಂದೆ ಸವೆದ ಜೀವ ಎಂದುಕೊಂಡಳು ಮಯೂರಿ. ರಕ್ತನಾಳ ಸಿಗಲಿಲ್ಲ. ಚುಚ್ಚಿದಳು, ತೆಗೆದಳು, ಮತ್ತೆ ಚುಚ್ಚಿದಳು. ಮೀರಾಬಾಯಿ ಮಾತ್ರ ಸೊಸೆ ಬಡಿಯುವ ದಪ್ಪ ರೊಟ್ಟಿಯ ಪುರಾಣವನ್ನು ನಡುವೆ ಎಲ್ಲಿಯೂ ನಿಲ್ಲಿಸಲಿಲ್ಲ.

"ನೋವಾತೇನ್ರಿ, ಆಯಿ?" ಕಾಂತಾಬಾಯಿ ಕೇಳಿದರು.

"ನೋವಾ? ಚುಚ್ಚಿದ್ದೇ ಗೊತ್ತಾಗ್ಲಿಲ್ಲ ನನಗ. ಕೈಗುಣ ಭಾಳ ಛಲೋ ಅದ ಹುಡುಗೀದು. ದಿನಾ ಇಕೀನೇ ಮಾಡ್ಲಿ."

ಕಾಂತಾಬಾಯಿ ಹುಬ್ಬೇರಿಸಿದರು. "ಹಂಗಾರ ಸಂಜೀದೂ ನೀನೇ ಮಾಡು" ಎಂದು ಹೊರಟುಹೋದರು. ಅಬ್ಬಾ, ನೌಕರಿ ಉಳಿಯಿತು!

ಸಂಜೆ ಮಯೂರಿ ಗುನುಗುತ್ತ ಬಂದಳು. ಕೈಗುಣವಂತೆ! ಇಷ್ಟು ವರ್ಷ ಓದಿಸಿದವರಲ್ಲಿ ಒಬ್ಬರೂ ಆ ಮಾತು ಆಡಿರಲಿಲ್ಲ. ಜೋಮು ತುಸು ಬಿಟ್ಟಂತಿತ್ತು. ನೋಡಿದರೆ ಮೀರಾಬಾಯಿಯ ಎಡಗೈ ಬಾತು ನೀಲಿಗಟ್ಟಿದೆ.

"ಈ ಕೈ ಬ್ಯಾಡ್ರಿ ಆಯಿ, ಬಲಗೈ ಕೊಡ್ರಿ. ಹೆದರಬ್ಯಾಡ್ರಿ, ನನ್ನ ಕೈಗುಣ ನಿಮಗ ಗೊತ್ತೇ ಅದಲ್ಲ?"

ಮೀರಾಬಾಯಿ ಬಲಗೈಯನ್ನು ತಟಕ್ಕನೆ ಕಂಬಳಿಯೊಳಗೆ ಎಳೆದುಕೊಂಡರು. ಬಾತ ಎಡಗೈಯನ್ನೇ ಮತ್ತೆ ಮುಂದೆ ಚಾಚಿದರು.

"ಇದಕ್ಕೇ ಮಾಡು ಮಗಾ. ಆ ಕೈಗೆ ನೋವು ತಿಳೀತದ."