ಕೆಂಪು ಹುಂಜದ ಒಪ್ಪಿಗೆ

ಹಿರಿಯಡ್ಕದ ಕೋಳಿ ಅಂಗಡಿಯಿಂದ ಒದ್ದೆ ಗರಿಯ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ನಾನು ನುಚ್ಚು ಹಾಕಿ ಸಾಕಿದ್ದ ಕೆಂಪು ಹುಂಜವನ್ನು ಮನೆಯ ದೈವಕ್ಕೆ ಬಲಿ ಕೊಡಲು ಅಜ್ಜ ಹಿಡಿದು ತಂದಿದ್ದರು. ಅವರ ಕಂಕುಳಿಂದ ಅದು ನನ್ನನ್ನೇ ನೋಡುತ್ತಿತ್ತು. ಅಜ್ಜ ಅದರ ತಲೆಗೆ ನೀರು ಚಿಮುಕಿಸಿದರು. ಹುಂಜ ಅಲುಗಲಿಲ್ಲ.

"ಅದಕ್ಕೆ ಮನಸ್ಸಿಲ್ಲ ಅಜ್ಜ, ಬಿಡಿ" ಎಂದೆ.

"ಅದು ಒಪ್ಪದೆ ನಾವು ಕೊಡ್ಲಿಕ್ಕಿಲ್ಲ ಮಗಾ. ತಲೆ ಕೊಡವಿದ್ರೆ ಒಪ್ಪಿಗೆ ಉಂಟು ಅಂತ ಲೆಕ್ಕ" ಎಂದು ಅಜ್ಜ ಮತ್ತೆ ನೀರು ಹಾಕಿದರು. ಮತ್ತೆಯೂ ಹಾಕಿದರು. ಕಣ್ಣಿಗೆ ನೀರಿಳಿದಾಗ ಹುಂಜ ತಲೆ ಕೊಡವಿತು.

"ನೋಡು, ಒಪ್ಪಿತು ಅಲ್ವಾ?" ಎಂದು ಅಜ್ಜ ಸಮಾಧಾನದಿಂದ ಕತ್ತಿ ಎತ್ತಿಕೊಂಡರು.

ಸಂಜೆ ಬಚ್ಚಲಿನಲ್ಲಿ ಅಮ್ಮ ನನ್ನ ತಲೆಗೆ ನೀರು ಹೊಯ್ದಳು. ಸಾಬೂನು ಕಣ್ಣಿಗಿಳಿದು ಉರಿಯುತ್ತಿದ್ದರೂ ನಾನು ಕುತ್ತಿಗೆ ಬಿಗಿಹಿಡಿದು ಕುಳಿತೆ. ತಲೆ ಕೊಡವಲಿಲ್ಲ.