ಪುಸ್ತಕದ ಉತ್ತರ

"ಮಿಸ್, ಹಾಗಾದ್ರೆ ನಮ್ಮಜ್ಜಿ ದಾರಿ ಬಿಟ್ಟೋಳಾ?" ಎಂದು ವೆರೀನಾ ಕೇಳಿದಾಗ ಇರೀನಿ ಟೀಚರ್ ಹಣೆ ಚಚ್ಚಿಕೊಂಡಳು. ಈಜಿಪ್ಟಿನ ಮಿನ್ಯಾ ಊರಿನ ಆ ಶಾಲೆಯಲ್ಲಿ ಓದಿಸುತ್ತಿದ್ದ ಕ್ರೈಸ್ತ ದೃಷ್ಟಿಯ ಲೋಕಚರಿತ್ರೆ ಅಮೆರಿಕದಿಂದ ಬಂದ ಪುಸ್ತಕ. ಐದನೆಯ ಶತಮಾನದಲ್ಲಿ ಸತ್ಯದ ದಾರಿ ಬಿಟ್ಟ ಕ್ರೈಸ್ತ ಸಭೆ ಯಾವುದೆಂಬ ಪ್ರಶ್ನೆಗೆ ಅದರಲ್ಲಿದ್ದ ಉತ್ತರ, ವೆರೀನಾಳ ಮನೆಯವರೆಲ್ಲ ತಲೆತಲಾಂತರದಿಂದ ಸೇರಿದ್ದ ಈಜಿಪ್ಟಿನ ಕಾಪ್ಟಿಕ್ ಸಭೆ. ವೆರೀನಾ ಪರೀಕ್ಷೆಯ ಅಚ್ಚಿನ ಹಾಳೆಯಲ್ಲಿ ಬರೆದಿದ್ದಳು: 'ನಾವು ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದ್ದೇವೆ.'

"ನಾನೂ ಕಾಪ್ಟಿಕ್ಕೇ ಕಣೆ! ಪುಸ್ತಕ ಬದಲಾಯ್ಸಿ ಅಂತ ಹೆಡ್‌ಮಾಸ್ಟರ ಹತ್ರ ಗಂಟಲು ಹರ್ಕೊಂಡೆ. 'ಪುಕ್ಕಟೆ ಬಂದದ್ದು, ಸುಮ್ನೆ ಪಾಠ ಮಾಡಮ್ಮ' ಅಂತಾರೆ. ನಿಂಗೆ ಪಾಸಾಗ್ಬೇಕೋ ಬೇಡ್ವೋ? ಅದರಲ್ಲಿರೋದನ್ನೇ ಬರಿ, ತಾಯಿ."

ವೆರೀನಾ ತನ್ನ ಉತ್ತರ ಅಳಿಸಿ, ಪುಸ್ತಕದ ಉತ್ತರವನ್ನು ದುಂಡಗೆ ಬರೆದಳು. ಆಮೇಲೆ, ಮಗುವಾಗಿದ್ದಾಗ ಕಾಪ್ಟಿಕ್ ಗುರುತೆಂದು ಮಣಿಕಟ್ಟಿನ ಮೇಲೆ ಹಾಕಿಸಿದ್ದ ಶಿಲುಬೆಯ ಹಚ್ಚೆ ಕಾಣದಂತೆ ಅಂಗಿಯ ತೋಳನ್ನು ಕೆಳಕ್ಕೆ ಎಳೆದುಕೊಂಡಳು. "ಈಗ ಸರಿಯಾಯ್ತಾ ಮಿಸ್?"

ಇರೀನಿ ಹಾಳೆಯನ್ನು ತನ್ನತ್ತ ತಿರುಗಿಸಿಕೊಂಡಳು. ಕೆಂಪು ಪೆನ್ನು ತೆಗೆದು, ಅಚ್ಚಾಗಿದ್ದ ಪ್ರಶ್ನೆಯ ಮೇಲೆಯೇ ಕಾಗದ ಹರಿಯುವಷ್ಟು ಒತ್ತಿ ಗೆರೆ ಎಳೆದಳು.